ನೀರಿನ ಹೆಪ್ಪು

ಏಳು ತಲೆಮಾರಿನಿಂದ ಮೀನು ಬೇಯಿಸದ ನಮ್ಮ ಮನೆಯಲ್ಲಿ ಹೋದ ತಿಂಗಳು ಒಂಬತ್ತು ದಿನದೊಳಗೆ ಮೂರು ಮೀನು ಸತ್ತವು.

ಓದುಗರು ಗಾಬರಿಯಾಗಬಾರದು. ಸತ್ತದ್ದು ಅಡುಗೆಮನೆಯಲ್ಲಲ್ಲ. ಪಡಸಾಲೆಯಲ್ಲಿ, ಗಾಜಿನ ಭರಣಿಯಲ್ಲಿ, ನಮ್ಮೆಲ್ಲರ ಕಣ್ಣೆದುರಿಗೆ. ಅದೂ ನಾವು ಅವಕ್ಕೆ ಅಳಿಯನಿಗೆ ಮಾಡಿದಂತೆ ಉಪಚಾರ ಮಾಡುತ್ತಿದ್ದಾಗ.

ಸವಣೂರಿನ ಇಮಾಮಸಾಹೇಬರು ಎಲೆ ವ್ಯಾಪಾರಿಗಳು. (ಸವಣೂರ ಎಲೆ ಅಂದರೆ ವೀಳ್ಯದೆಲೆ ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕೆ?) ಹಾನಗಲ್ಲ ಸಂತೆಗೆ ಬಂದರೆ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯದೆ ಹೋದವರಲ್ಲ. ಮಗಳು ಜೈತೂನಬಿಯನ್ನು ಮುಂಬಯಿಗೆ ಕೊಟ್ಟಿದ್ದಾರೆ. ಹೋದ ವರ್ಷ ತವರಿಗೆ ಬಂದಾಗ ಆಕೆ ನಾಲ್ಕು ಕೆಂಪು ಮೀನು ತಂದು ಅಪ್ಪನ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಈಗ ಚೊಚ್ಚಲ ಹೆರಿಗೆ. ಕರೆದುಕೊಂಡು ಬರಲು ಮನೆಮಂದಿಯೆಲ್ಲ ಮುಂಬಯಿಗೆ ಹೊರಟರು. ಮೀನು ಎಲ್ಲಿ ಬಿಡುವುದು?

ಇದ್ದಿಲ ಗ್ಯಾಸಿನ ಮೋಟಾರಿನಲ್ಲಿ (ಯುದ್ಧ ಬಂದಾಗಿನಿಂದ ಪೆಟ್ರೋಲು ಯಾರು ಕಂಡಿದ್ದಾರೆ?) ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಸಾಹೇಬರು ನಮ್ಮ ಬಾಗಿಲಿಗೆ ಬಂದರು.

"ಸವಣೂರಾಗ ಯಾರೂ ಸಿಗಲಿಲ್ಲೇನ್ರಿ?" ಎಂದೆ.

"ನಮ್ಮ ಓಣ್ಯಾಗ ಬೆಕ್ಕೂ ಮೀನು ತಿಂತಾವ, ಮಂದೀನೂ ತಿಂತಾರ್ರಿ ಮಾಸ್ತರ. ನಿಮ್ಮ ಮನಿ ಅಂದ್ರ ಮೀನಿನ ಪಾಲಿಗೆ ಮಠ ಇದ್ದಂಗ."

ಅವ್ವ ಒಳಗಿನಿಂದ ಬಂದು ಭರಣಿಯನ್ನು ಸುತ್ತಲೂ ನೋಡಿದಳು. "ಏನ್ ಹಾಕಬೇಕ್ರಿ ಇವಕ್ಕ?"

"ದಿನಕ್ಕೊಮ್ಮೆ ಒಂದ್ ಚಿಟಿಕಿ ಹಿಟ್ಟು. ಸಾಕು." ಸಾಹೇಬರು ಮೋಟಾರಿನ ಹಾರ್ನು ಕೇಳಿ ಎದ್ದರು. ಹೊಸ್ತಿಲ ಬಳಿ ನಿಂತು ಅಂದರು: "ಮಗಳು ಬಂದ ಕೂಡ್ಲೆ ಮೊದ್ಲ ಇವನ್ನ ಕೇಳ್ತಾಳ, ಅವ್ವಾರ. ನನ್ನ ಆಮ್ಯಾಲೆ."

ಅವ್ವನಿಗೆ ಇಷ್ಟು ಸಾಕು. ಆ ಮಾತನ್ನು ಆಕೆ ಕೊರಳಿಗೆ ಕಟ್ಟಿಕೊಂಡಳು.

ನನ್ನ ಅವ್ವ ನಿನ್ನೆಯ ನೀರನ್ನು ನೀರೆನ್ನುವುದಿಲ್ಲ. ಕೋಳಿ ಕೂಗುವ ಹೊತ್ತಿಗೆ ಹಂಡೆ, ಕೊಡ, ತಂಬಿಗೆ ಎಲ್ಲದರ ನೀರೂ ಹಿತ್ತಲಿಗೆ. ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಾವಿಯಿಂದ ಹೊಸ ನೀರು ಸೇದಿ ತುಂಬಿದ ಮೇಲೆಯೇ ಒಲೆ ಹೊತ್ತುವುದು. ಆಕೆಯ ಅತ್ತೆ ಹಾಗೆ ಮಾಡುತ್ತಿದ್ದಳು, ಅತ್ತೆಯ ಅತ್ತೆಯೂ. ಬಂದ ಅತಿಥಿಗಳಿಗೆ ಮಾತ್ರ ತಂಗಳ ನೀರೆ? ಮೀನುಗಳನ್ನು ತಟ್ಟೆಗೆ ಬಿಟ್ಟು, ಭರಣಿಯನ್ನು ಬೂದಿಯಿಂದ ಬೆಳಗಿ, ತಣ್ಣನೆಯ ಬಾವಿನೀರು ತುಂಬಿ ಮತ್ತೆ ಬಿಡುತ್ತಿದ್ದಳು. ದಿನಾ. ಗಾಜು ಹೊಳೆಯುತ್ತಿತ್ತು.

ಎರಡನೆಯ ದಿನ ಆಕೆಗೆ ಇನ್ನೊಂದು ಚಿಂತೆ ಹತ್ತಿತು. "ಪರಸ್ಥಳದಾಗ ಅವಕ್ಕ ಬ್ಯಾಸರಾಗಬಾರದು" ಎಂದು ಆನೆಕೆರೆಯಿಂದ ಐದು ಸಣ್ಣ ಮೀನು ತರಿಸಿ ಜೊತೆಗೆ ಬಿಟ್ಟಳು.

ನಾಲ್ಕನೆಯ ದಿನ ಒಂದು ಕೆಂಪು ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು.

ಮನೆ ಅಂದ ಮೇಲೆ ತನಿಖೆ ಆಗಲೇಬೇಕು. ಮೊದಲ ಅಪವಾದ ಕೆರೆಯ ಮೀನುಗಳ ಮೇಲೆ. "ನಮ್ಮ ಕರಿ ಮೀನ ಬೊಂಬಾಯಿಯವನ್ನ ಕಾಡಿರಬೇಕು" ಎಂದು ಅವ್ವ ಅವನ್ನು ಎತ್ತು ನೀರು ಕುಡಿಯುವ ಕಲ್ಲುಬಾನಿಗೆ ವರ್ಗ ಮಾಡಿದಳು. ಆರನೆಯ ದಿನ ಎರಡನೆಯದು ಸತ್ತಿತು. ಈಗ ದೃಷ್ಟಿಯ ಮಾತು ಬಂತು. ಓಣಿಯೆಲ್ಲ ಬಂದು ನೋಡಿ ಹೋಗಿತ್ತಲ್ಲ. ಭರಣಿಗೆ ಸೀರೆಯ ಚೂರು ಹೊದಿಸಿದಳು. ನಾನು ದನದ ಆಸ್ಪತ್ರೆಯ ಕಂಪೌಂಡರನ್ನು ಕೇಳಿದೆ. "ಕಾಲಿದ್ದದ್ದು ಏನರ ಇದ್ರ ಹೇಳ್ರಿ ಮಾಸ್ತರ" ಎಂದ. ಅವ್ವ ಮಾತ್ರ ಬೆಳಿಗ್ಗೆ ಒಂದು ಸಲ ಬದಲಿಸುತ್ತಿದ್ದ ನೀರನ್ನು ಸಂಜೆಗೂ ಬದಲಿಸಹತ್ತಿದಳು.

ಒಂಬತ್ತನೆಯ ದಿನ ಮೂರನೆಯದು.

ಅವ್ವ ಅಂದು ಊಟ ಮಾಡಲಿಲ್ಲ. "ಆ ಬಸುರಿ ಹುಡುಗಿಗೆ ನಾ ಏನ್ ಹೇಳ್ಲಿ?" ಎಂದು ಕಂಬಕ್ಕೆ ಒರಗಿ ಕೂತಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು: "ಸೂಕ್ಷ್ಮ ಜಾತಿ. ನಮ್ಮ ಕಡೆ ಬಾಳೂದಲ್ಲ." ಉಳಿದ ಒಂದನ್ನು ತಟ್ಟೆಗೆ ಬಿಡಲು ಎದ್ದಳು.

ಆಗ ನನ್ನ ಹೆಂಡತಿ ನೀಲವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದಳು: "ಅತ್ತಿಯವರ, ಒಂದ್ ಮಾತ ಕೇಳ್ಲೇನ್ರಿ? ಹೆಪ್ಪಿಲ್ಲದ ಮೊಸರು ಆಗತೈತೇನ್ರಿ?"

"ಮೀನಕ್ಕೂ ಮೊಸರಿಗೂ ಏನ ಸಂಬಂಧ? ಮೊಸರಿನ ಗಡಿಗೀನೂ ದಿನಾ ತೊಳೀತೇನಿ ನಾ."

"ಗಡಿಗಿ ತೊಳೀತೀರಿ. ನಿನ್ನಿ ಹೆಪ್ಪು ತಗದಿಟ್ಟು ತೊಳೀತೀರಿ. ಎತ್ತಿನ ಬಾನಿ ಪೂರಾ ಚೆಲ್ಲಿದ್ದು ಯಾವಾಗ ಹೇಳ್ರಿ? ಅಲ್ಲಿ ಐದೂ ಮೀನ ಕುಣ್ಯಾಕತ್ತಾವ. ನೀರಿಗೂ ಒಂದ್ ಹೆಪ್ಪು ಬೇಕೇನೋ."

ಅವ್ವ ತಟ್ಟೆ ಕೆಳಗಿಟ್ಟಳು. ಮರುದಿನದಿಂದ ಒಂದು ತಂಬಿಗೆ ಹಳೆಯ ನೀರು ತೆಗೆದು, ರಾತ್ರಿ ಸೇದಿಟ್ಟ ಒಂದು ತಂಬಿಗೆ ಹೊಸ ನೀರು ಹಾಕುವುದು, ಅಷ್ಟೇ. ಗಾಜಿನ ಹೊಳಪು ಹೋಯಿತು. ಒಳಬದಿಗೆ ತುಸು ಹಸಿರು ಕಟ್ಟಿತು. ಆಕೆ ದಾಟುವಾಗಲೆಲ್ಲ ಮುಖ ತಿರುವಿಕೊಂಡು ಹೋಗುತ್ತಿದ್ದಳು. ಮೀನು ಮಾತ್ರ ಹಿಟ್ಟಿಗೆ ಮೇಲೆ ಬರಹತ್ತಿತು.

ಇದನ್ನು ನಾನು ಅವ್ವನ ತಪ್ಪೆಂದು ಬರೆಯುತ್ತಿಲ್ಲ. ಹಿಂದೊಮ್ಮೆ ಶಿಗ್ಗಾಂವಿಗೆ ಹೆಡ್‌ಮಾಸ್ತರನಾಗಿ ಹೋದ ಮೊದಲ ವಾರವೇ ನಾನು ಆ ಶಾಲೆಯ ಟೈಮ್‌ಟೇಬಲ್ಲು, ಪ್ರಾರ್ಥನೆ, ಹುಡುಗರು ಕೂಡುವ ಸಾಲು, ಗಂಟೆ ಬಾರಿಸುವ ಮುದುಕ, ಎಲ್ಲವನ್ನೂ ಒಮ್ಮೆಲೇ ಬದಲಿಸಿದ್ದೆ. ತಿಂಗಳೊಳಗೆ ಕೊನೆಯ ಬೆಂಚಿನ ಹುಡುಗರು ಬರುವುದನ್ನು ಬಿಟ್ಟರು. "ಓದುವ ಜಾತಿಯಲ್ಲ" ಎಂದು ರಿಪೋರ್ಟು ಬರೆದೆ. ಆ ರಿಪೋರ್ಟಿಗೂ ಅವ್ವನ "ಸೂಕ್ಷ್ಮ ಜಾತಿ"ಗೂ ಎಷ್ಟು ದೂರ?

ಇಪ್ಪತ್ತನೆಯ ದಿನ ಇಮಾಮಸಾಹೇಬರು ಬಂದರು. ಜೊತೆಗೆ ಜೈತೂನಬಿಯೂ ಬಂದಿದ್ದಳು. ತುಂಬಿದ ಬಸುರಿ, ಆ ಮೋಟಾರಿನಲ್ಲಿ, ಬೇಡವೆಂದರೂ ಕೇಳಲಿಲ್ಲವಂತೆ. ನಾನು ಮಾತು ಹುಡುಕುತ್ತಿರುವಾಗಲೇ ಅವ್ವ ಮುಂದೆ ಬಂದಳು.

"ನಾಕು ಕೊಟ್ಟಿದ್ರಿ ಸಾಹೇಬ್ರ. ಮೂರು ನನ್ನ ಕೈಲೆ ಹೋದ್ವು. ರೋಗ ಅಲ್ಲ, ದೃಷ್ಟಿ ಅಲ್ಲ. ತೊಳದು ತೊಳದು ಕೊಂದೇನಿ."

ಸಾಹೇಬರು ಭರಣಿಯ ಕಡೆ ನೋಡಿ ಅಂದರು: "ನೀರಿನ ಮಾತ ನಾ ಹೇಳಲೇ ಇಲ್ಲಲ್ರಿ, ಅವ್ವಾರ. ನಮ್ಮನ್ಯಾಗ ಅದನ್ನ ಯಾರೂ ತೊಳದೇ ಇಲ್ಲ. ಹೇಳಬೇಕಂತ ತಲಿಗೇ ಬರಲಿಲ್ಲ."

ಜೈತೂನಬಿ ಭರಣಿಯ ಹತ್ತಿರ ಮೆಲ್ಲಗೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಹಸಿರು ಗಾಜಿನೊಳಗೆ ನೋಡಿದಳು. "ಇದು ನಾಲ್ಕರಾಗ ಸಣ್ಣದಿತ್ತು" ಎಂದಳು. ಆಮೇಲೆ ಅವ್ವನ ಕಡೆ ತಿರುಗಿ, "ಈ ನೀರು ಚೆಲ್ಲಬ್ಯಾಡ್ರಿ ಅಜ್ಜಿ. ಹಿಂಗ ಒಯ್ತೇನಿ."

ಅವ್ವ ಆಕೆಗೆ ಉಡಿ ತುಂಬಿ ಕಳಿಸಿದಳು.

ಅವರು ಹೋದ ಮೇಲೆ, ಸಾಹೇಬರು ತಂದ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ ನೀಲವ್ವನನ್ನು ಕೇಳಿದೆ: "ಈ ಹೆಪ್ಪಿನ ಮಾತ ನಿನಗ ಹೆಂಗ ಹೊಳೀತು?"

ಆಕೆ ಕತ್ತೆತ್ತಲಿಲ್ಲ. "ತವರು ಚಿಕ್ಕೇರೂರಿಂದ ಈ ಮನಿ ತುಂಬಿದ ದಿನ ನಮ್ಮವ್ವ ಒಂದು ಕುಡಿಕ್ಯಾಗ ಹೆಪ್ಪು ಕೊಟ್ಟು ಕಳಿಸಿದ್ಲು. ನೆನಪೈತೇನ್ರಿ?"

ನನಗೆ ನೆನಪಿರಲಿಲ್ಲ.

"ನಮ್ಮನ್ಯಾಗ ಹೆಪ್ಪಿಗೇನು ಬರಾ ಅಂತ ಅತ್ತಿಯವರು ಅದನ್ನ ಚೆಲ್ಲಿ, ಕುಡಿಕಿ ತೊಳದು ಬೋರಲ ಹಾಕಿದ್ರು. ವರ್ಷಾನಗಟ್ಲೆ ನನಗ ಈ ಮನಿ ಮೊಸರು ರುಚಿ ಹತ್ತಲಿಲ್ಲ."

ಹದಿನಾಲ್ಕು ವರ್ಷ ಆಕೆ ಅದನ್ನು ಯಾರಿಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆಕೆ ಮಡಿಸಿದ ಎಲೆಯನ್ನು ನನ್ನ ಕೈಗಿಟ್ಟು ಒಳಗೆ ಹೋದಳು.

ನಿಮ್ಮ ಮನೆಗೆ ಬಂದ ಕುಡಿಕೆಯನ್ನು ನೀವೇನು ಮಾಡಿದಿರಿ?