ಕಾಡಸಿದ್ದಪ್ಪನ ಮದ್ದಿನ ತ್ರಾಸು

ಎಂಬತ್ತೇಳನೇ ಇಸವಿಯ ಚಳಿಗಾಲದಲ್ಲಿ ಬಾದನಹಟ್ಟಿಯ ಕಾಡಸಿದ್ದಪ್ಪ ತೀರಿಕೊಂಡಾಗ ಊರು ಮೊದಲು ನೆನೆದದ್ದು ಅವನ ತ್ರಾಸನ್ನು. ಮಾಡಿದ ದಾನಧರ್ಮ ಆಮೇಲೆ ನೆನಪಾಯಿತು. ಊರಿನ ತೂಕವೇ ಹಾಗೆ.

ಅವನ ಅಣ್ಣ ದೊಡ್ಡಬಸಪ್ಪ ನಾಡಬಂದೂಕಿಗೆ ಮದ್ದನ್ನು ಅಂಗೈಯಲ್ಲೇ ಅಳೆದು ತುಂಬುತ್ತಿದ್ದ. ಒಂದು ಸಲ ಅಂಗೈ ತಪ್ಪಿತು. ನಳಿಗೆ ಸೀಳಿ ಬಲಗೈಯ ಎರಡು ಬೆರಳು ಹೋದವು. ಬಂದೂಕಿನ ಲೈಸೆನ್ಸು, ಶೇಂಗಾ ಹೊಲದಿಂದ ಹಂದಿ ಬೆದರಿಸುವ ಕೆಲಸ ಎರಡೂ ಕಾಡಸಿದ್ದಪ್ಪನ ಪಾಲಿಗೆ ಬಂದವು. "ತೂಗಲಾರ್ದ ಮದ್ದು ತುಂಬಂಗಿಲ್ಲ" ಎಂದು ಅವನು ಹೊಸ ನಳಿಗೆ ಮುಟ್ಟಿ ಆಣೆ ಮಾಡಿದ. ಈ ಆಣೆಯಿಂದ ಹಂದಿಗಳಿಗೆ ಬಹಳ ಅನುಕೂಲವಾಯಿತು.

ಕುರುಗೋಡಿನ ಕಿರಾಣಿ ತಕ್ಕಡಿಗೆ ಚಿಟಿಕೆ ಮದ್ದು ಹಾಕಿದರೆ ತಟ್ಟೆ ಅಲುಗಲೇ ಇಲ್ಲ. "ಭಾಳ ಗಟ್ಟಿ ತಕ್ಕಡಿ ಐತ್ರಿ" ಎಂದು ಅಂಗಡಿಯವನು ಹೆಮ್ಮೆಪಟ್ಟ. ಸಿರುಗುಪ್ಪದ ಅಕ್ಕಿ ಗಿರಣಿಯವರು ಮೂಟೆ ತೂಗುವ ಕಾಟಾ ತೋರಿಸಿ, "ಇದ್ರಾಗ ನೀವು, ಬಂದೂಕು, ಹಂದಿ ಕೂಡೇ ನಿಂದ್ರಬಹುದ್ರಿ" ಎಂದರು.

ಕೊನೆಗೆ ಬಳ್ಳಾರಿಯ ಪತ್ತಾರ ಮೌನಾಚಾರಿ ಚಿನ್ನ ತೂಗುವ ಸಣ್ಣ ತ್ರಾಸು ತೆಗೆದ. ಕಾಡಸಿದ್ದಪ್ಪ ಮೀಸೆಯಿಂದ ಒಂದು ಕೂದಲು ಕಿತ್ತು ತಟ್ಟೆಗೆ ಹಾಕಿದ. ಮುಳ್ಳು ಬಾಗಿತು.

"ಎಷ್ಟು ಬಂಗಾರ ಐತ್ರಿ ತೂಗಾಕ?"

"ಬಂಗಾರಲ್ರಿ ಆಚಾರ್ರ, ಬೆರಳು."

ಮನೆಯಲ್ಲಿ ಹೆಂಡತಿ ಕೊಟ್ರಬಸಮ್ಮ, ಹೊಸ ವಸ್ತು ಬಂದಾಗ ಮಾಡುವಂತೆ, ಬಲಗಡೆಯ ತಟ್ಟೆಯ ಅಡಿಗೆ ವಿಭೂತಿ ಎಳೆದು ಕೈಮುಗಿದಳು. ಅಲ್ಲಿಂದ ಮುಳ್ಳು ನಡುವೆ ನಿಲ್ಲಲೊಲ್ಲದು. ಗಾಳಿಯೆಂದು ಅವನು ಬಾಗಿಲು ಹಾಕಿದ. ಉಸಿರೆಂದು ಬಾಯಿಗೆ ಟವೆಲ್ಲು ಕಟ್ಟಿದ.

ಪಕ್ಕದ ಹೊಲದ ಸುಂಕಣ್ಣ ಬಾಗಿಲು ಬಡಿದ. "ಲೇ ಸಿದ್ದಾ, ಹಂದಿ ಅರ್ಧ ಹೊಲ ತಿಂದ್ವಲೇ! ಇನ್ನಾ ತೂಗಾಕ ಹತ್ತೀಯೇನು?"

"ಅವೇನು ತೂಗಿ ತಿಂತಾವೇನಲೇ? ಅದಕ್ಕ ಅವುಕ್ಕ ಲಗೂನ ಆಗತೈತಿ."

ಮರುದಿನ ತ್ರಾಸನ್ನು ಎದೆಗವಚಿಕೊಂಡು ಬಸ್ಸು ಹತ್ತಿದ. ಮೋಸದ ಮಾಲು ಕೊಟ್ಟೆ ಎಂದು ಕೂಗಾಡಿದಾಗ ಆಚಾರಿ ತಟ್ಟೆಯನ್ನು ಮಗುಚಿ ನೋಡಿ ನಕ್ಕ.

"ತ್ರಾಸು ಸರಿ ಐತ್ರಿ. ಶಿವ ಒಂದ ಕಡಿ ಕುಂತಾನ."

ಆಚಾರಿ ಒರೆಸಲು ಬಟ್ಟೆ ತೆಗೆದರೆ ಕಾಡಸಿದ್ದಪ್ಪ ಅವನ ಕೈ ಹಿಡಿದ. "ಬ್ಯಾಡ್ರಿ! ಅದನ್ನ ಒರಸಿದ್ರ ಆಕಿ ನನ್ನ ಮನಿಯಾಗ ಸೇರಸಂಗಿಲ್ಲ."

"ಹಂಗಾರ ಎಡಕ್ಕೂ ಅಷ್ಟ ಹಚ್ಚಸ್ರಿ."

ಅಂದು ಸಂಜೆ ಹೆಂಡತಿ ಎಡದ ತಟ್ಟೆಗೆ ವಿಭೂತಿ ಹಚ್ಚಿದಳು, ಗಂಡ ಮುಳ್ಳು ನೋಡುತ್ತ "ಇನ್ನೊಂದೀಟು... ಸಾಕು, ಸಾಕು" ಅನ್ನುತ್ತಿದ್ದ.

"ದೇವರನ್ನೂ ತೂಗತೀರೇನ್ರಿ?" ಎಂದಳು ಆಕೆ.

ಮುಳ್ಳು ನಿಂತಿತು. ಮದ್ದು ತೂಗಿದ, ತುಂಬಿದ, ಹಾರಿಸಿದ. ಈಡು ಊರಿಗೆಲ್ಲ ಕೇಳಿತು. ಹಂದಿಗಳಿಗೆ ಮಾತ್ರ ಕೇಳಲಿಲ್ಲ. ಶೇಂಗಾ ಮುಗಿಸಿ ಅವು ಆಗಲೇ ಬೇರೆ ಕಡೆ ಹೋಗಿದ್ದವು. ಊರು ವರ್ಷಗಟ್ಟಲೆ ನಕ್ಕಿತು. ಅವನು ವರ್ಷಗಟ್ಟಲೆ ತೂಗಿದ.

ಸಮಾಧಿಗೆ ಒಯ್ಯುವ ಮುನ್ನ, ಕುಳ್ಳಿರಿಸಿದ್ದ ಗಂಡನ ಬಲಗೈಗೆ ಕೊಟ್ರಬಸಮ್ಮ ವಿಭೂತಿ ಎಳೆದಳು. ತುಸು ತಡೆದು, ಎಡಗೈಗೂ ಅಷ್ಟೇ ಎಳೆದಳು. ಯಾರೂ ನಗಲಿಲ್ಲ. ದೊಡ್ಡಬಸಪ್ಪ ತನ್ನ ಮೂರು ಬೆರಳಿನ ಕೈ ಚಾಚಿ ತಮ್ಮನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದ.

ಹತ್ತೂ ಇದ್ದವು.