ಕಣ್ಣು ಮುಚ್ಚಿ ಕೇಳುತ್ತಿದ್ದ ಮೇಷ್ಟ್ರು

ಮೇಷ್ಟ್ರ ಬಲಗಿವಿಯ ಅಂಚು ಮುಂದಕ್ಕೆ ಬಾಗಿತ್ತು. ಎಡಗಿವಿ ಚಿಕ್ಕಂದಿನಲ್ಲೇ ಕೆಟ್ಟಿದ್ದರಿಂದ ಯಾರಾದರೂ ಮಾತು ಶುರು ಮಾಡಿದರೆ ಬಲಗೈಯನ್ನು ದೊನ್ನೆಯ ಹಾಗೆ ಮಾಡಿ ಆ ಕಿವಿಯ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಐವತ್ತು ವರ್ಷ ಹಾಗೆ ಒತ್ತಿ ಒತ್ತಿ ಕಿವಿ ಬಾಗಿ ಹೋಗಿತ್ತು. ಕೈ ಕಿವಿಗೆ ಹೋದ ಕೂಡಲೇ ಕಣ್ಣು ಮುಚ್ಚಿಕೊಳ್ಳುವರು. ಮೊದಲ ಸಲ ನೋಡಿದವರು ಮುದುಕರಿಗೆ ನಿದ್ದೆ ಬಂತು ಅಂದುಕೊಳ್ಳಬೇಕು. ಹೇಳುವವರು ಎಲ್ಲಾದರೂ ತಪ್ಪಿದರೆ ಮಾತ್ರ ಕಣ್ಣು ತೆರೆಯುತ್ತಿತ್ತು. ತಪ್ಪದೆ ಹೇಳಿದರೆ ಮುಚ್ಚಿದ ಕಣ್ಣಲ್ಲೇ, "ಆಮ್ಯಾಲೆ?" ಅನ್ನುವರು. ಅವರ ಬಾಯಿಂದ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಅದೇ.

ಅವರು ಹೊಸದುರ್ಗದಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಬಿದ್ದವರಿಗೆ, ಮನೆಯಲ್ಲೇ ಓದಿ ಪರೀಕ್ಷೆಗೆ ಕಟ್ಟುವವರಿಗೆ ಪಾಠ ಹೇಳುತ್ತಿದ್ದರು. ನನ್ನ ತಮ್ಮ ಅಂಥವನೊಬ್ಬ. ನಮ್ಮದು ಹೊಳಲ್ಕೆರೆ ತಾಲ್ಲೂಕು, ಬಿ.ದುರ್ಗದ ಕಡೆಯ ಹಳ್ಳಿ. ಸ್ವಲ್ಪ ಹೊಲ, ಒಂದು ಮಂದೆ ಕುರಿ. ತಮ್ಮ ಹಗಲು ಕುರಿ ಹೊಡೆದುಕೊಂಡು ಹೋಗಿ ಸಂಜೆ ಓದುತ್ತಿದ್ದ. ಮೇಷ್ಟ್ರಾಗಬೇಕು ಅನ್ನುವುದು ಅವನ ಆಸೆ. ಪಿಯುಸಿ ಪಾಸಾದರೆ ಟ್ರೈನಿಂಗಿಗೆ ಅರ್ಜಿ ಹಾಕಬಹುದಿತ್ತು.

ಎಪ್ಪತ್ತರ ದಶಕದ ಆ ವರ್ಷ ಇಂಗ್ಲಿಷಿಗೆ ಇಟ್ಟಿದ್ದು ಒಬ್ಬ ಹೆಂಗಸು ತನ್ನ ಬದುಕನ್ನು ತಾನೇ ಬರೆದುಕೊಂಡ ಪುಸ್ತಕ. ದೊಡ್ಡ ಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿಗಳು ಯಹೂದಿ ಜನರನ್ನು ಊರೂರಿಂದ ಹಿಡಿದು ತಂದು, ತಂತಿ ಬೇಲಿಯೊಳಗೆ ಕೂಡಿಹಾಕಿ, ಲಕ್ಷ ಲಕ್ಷ ಜನರನ್ನು ಕೊಂದರಲ್ಲ, ಅದರಿಂದ ಬದುಕಿ ಬಂದವಳು ಆಕೆ. ಪುಸ್ತಕ ನಮ್ಮ ಕಡೆಯ ಅಂಗಡಿಗಳಿಗೆ ಬರಲೇ ಇಲ್ಲ. ಇದ್ದದ್ದು ಮೇಷ್ಟ್ರ ಹತ್ತಿರದ ಒಂದೇ ಪ್ರತಿ. ಅವರು ಬ್ಲೇಡಿನಿಂದ ಅದರ ಹೊಲಿಗೆ ಬಿಚ್ಚಿ, ಐದು ತುಂಡು ಮಾಡಿ, ಒಂದೊಂದಕ್ಕೂ ಗೋಣಿದಾರ ಹಾಕಿ ಬೇರೆ ಬೇರೆ ಹೊಲಿದಿದ್ದರು. ಒಂದು ತುಂಡು ಹಿರಿಯೂರಿನ ಹುಡುಗನ ಹತ್ತಿರ ಇದ್ದರೆ ಇನ್ನೊಂದು ಚಿತ್ರದುರ್ಗದ ಹುಡುಗಿಯ ಹತ್ತಿರ. ಪೇಪರ್ ಸುತ್ತಿ ಕಂಡಕ್ಟರ್ ಕೈಗೆ ಕೊಟ್ಟರೆ ಬಸ್ಸಿನಲ್ಲಿ ಓಡಾಡಿಕೊಂಡಿರುತ್ತಿದ್ದವು.

ಒಂದು ತುಂಡು ತಿಳಿಯಿತು ಅಂತ ಮೇಷ್ಟ್ರಿಗೆ ಖಾತ್ರಿಯಾಗುವವರೆಗೆ ಮುಂದಿನದು ಸಿಗುತ್ತಿರಲಿಲ್ಲ. ಖಾತ್ರಿ ಮಾಡಿಕೊಳ್ಳಲು ಅವರದೇ ಒಂದು ದಾರಿ ಇತ್ತು.

"ಮನ್ಯಾಗೆ ಇಂಗ್ಲಿಷ್ ಬರದಿರೋರು ಯಾರವ್ರೆ?" ಅಂತ ತಮ್ಮನನ್ನು ಕೇಳಿದರಂತೆ.

"ಎಲ್ರೂ ಸಾರ್. ನಾಯಿನೂ ಸೇರಿ."

"ನಾಯಿ ಬ್ಯಾಡ ಬಿಡಪ್ಪ. ಮಾತು ಬರೋರು ಯಾರ್ಗಾದ್ರೂ ನೀ ಓದಿದ್ದು ನಿಮ್ ಮಾತಲ್ಲಿ ಹೇಳು. ಭಾನುವಾರ ಅವ್ರು ಬಂದು ನಂಗೆ ಹೇಳ್ಲಿ. ಅವ್ರಿಗೆ ತಿಳಿದಿದ್ರೆ ನಿಂಗೆ ತಿಳಿದೈತೆ ಅಂತ."

ಹಾಗೆ ನಾನು ಹೋದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ಹೋಗಿ ತವರಿಗೆ ಬಂದಿದ್ದೆ. ಮನೆಯಲ್ಲಿ ಕೆಲಸ ಬೇಕಾದಷ್ಟಿತ್ತು, ಮಾತು ಇರಲಿಲ್ಲ. "ಗಂಡ ಸತ್ತೋಳು ವಾರ ವಾರ ಬಸ್ಸು ಹತ್ತಿದ್ರೆ ಊರೋರು ಏನಂತಾರೆ?" ಅಂದಳು ಅವ್ವ. "ನಾ ಪಾಸಾಗ್ಬೇಕಾ ಬ್ಯಾಡ್ವಾ, ಅಷ್ಟು ಹೇಳು," ಅಂದ ತಮ್ಮ. ಅವ್ವ ಬುತ್ತಿ ಕಟ್ಟಿದಳು.

ತಮ್ಮ ಹೇಳುತ್ತಿದ್ದ ರೀತಿಯನ್ನು ಇಲ್ಲಿ ಬರೆಯಲೇಬೇಕು. ಆ ಜನರನ್ನು ದನ ಸಾಗಿಸುವ ರೈಲು ಡಬ್ಬಿಯಲ್ಲಿ ತುಂಬಿ ಹೊರಗಿನಿಂದ ಅಗುಳಿ ಹಾಕಿದರು ಅಂತ ಬಂತು. ಚಿಕ್ಕಜಾಜೂರಿನಲ್ಲಿ ಗೂಡ್ಸ್ ರೈಲು ನೋಡಿದ್ದೆ, ಆದರೂ ನನಗೆ ಮನಸ್ಸಿಗೆ ಬರಲಿಲ್ಲ. ಅವನು ನನ್ನನ್ನು ಕುರಿ ರೊಪ್ಪಕ್ಕೆ ಕರೆದುಕೊಂಡು ಹೋಗಿ ಮಂದೆಯ ನಡುವೆ ನಿಲ್ಲಿಸಿ, "ಕುಂತ್ಕ ನೋಡಾಣ," ಅಂದ. ಕೂರಲು ಜಾಗವಿಲ್ಲ. ತಿರುಗಲೂ ಇಲ್ಲ. "ಹಿಂಗೇ ಹಗಲು ರಾತ್ರಿ. ನೀರಿಲ್ಲ. ಕೂಸುಗಳೂ ಅವೆ," ಅಂದ. ನಾನು ಬೇಲಿ ಹಿಡಿದುಕೊಂಡು ಹೊರಗೆ ಬಂದೆ. ಇಂಗ್ಲಿಷಿನ ಮಾತುಗಳಿಗೆ ಅವನು ಅರ್ಥ ಹೇಳುತ್ತಿರಲಿಲ್ಲ, ಅದರೊಳಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದ.

ಮೊದಲ ಭಾನುವಾರ ಮೇಷ್ಟ್ರ ಮನೆಯಲ್ಲಿ ನನಗೆ ಕೈ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ಅವರು ಒಂದು ಮೊರದ ತುಂಬ ಶೇಂಗಾ ತಂದು ನನ್ನ ಮುಂದಿಟ್ಟರು. "ಸುಲೀತಾ ಹೇಳವ್ವ. ನಂಗೂ ನಾಳೆ ಚಟ್ನಿಗಾಗ್ತದೆ." ತಮ್ಮ ಜಗಲಿಯಲ್ಲಿ ಕೂರಬೇಕು, ಒಳಗಿನ ಮಾತು ಕೇಳಿಸಬಾರದು ಅಂತ ಬಾಗಿಲು ಮುಂದೆ ಮಾಡಿದರು. ಆಮೇಲೆ ಕೈ ಕಿವಿಗೆ ಹೋಯಿತು, ಕಣ್ಣು ಮುಚ್ಚಿತು. ನಾನು ಶೇಂಗಾ ಸುಲಿಯುತ್ತ ಹೇಳಿದೆ. ಆಕೆಯ ಅಪ್ಪ ದರ್ಜಿ, ಆಕೆಗೊಬ್ಬ ತಮ್ಮ, ಬೀದಿಯಲ್ಲಿ ಸೈನಿಕರು. ಕಣ್ಣು ತೆರೆಯಲಿಲ್ಲ. "ಆಮ್ಯಾಲೆ? ಆಮ್ಯಾಲೆ?" ಅಂದುಕೊಂಡೇ ಇದ್ದರು. ಮೊರ ಖಾಲಿಯಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಕೊನೆಗೆ ಕೇಳಿದರು. "ಇಂಥಾ ಸಾವೊಳಗಿಂದ ಬದುಕಿ ಬಂದೋರಿಗೆ ಇಂಗ್ಲಿಷಿನಾಗೆ ಸರ್ವೈವರ್ ಅಂತಾರೆ. ನಿಮ್ಮೂರಾಗೆ ಏನಂತೀರಿ?"

"ಉಳಕಂಡೋಳು ಅಂತೀವಿ," ಅಂದೆ. ನನ್ನ ಗಂಡ ಹೋದಾಗ ಅತ್ತೆಮನೆಯವರು ನನ್ನನ್ನು ಅಂದದ್ದು ಅದೇ. ಅವನು ಹೋದ, ಇವಳು ಉಳಕಂಡ್ಲು. ಬೈಗುಳವಾಗಿ ಅಂದಿದ್ದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಆ ಮಾತನ್ನು ತಾವೂ ಒಮ್ಮೆ ಅಂದು ನೋಡಿದರು, ದೊಡ್ಡವರ ಹೆಸರು ಹೇಳುವ ಹಾಗೆ. "ಚಲೋ ಮಾತು," ಅಂದರು. ಬಸ್ಸಿನಲ್ಲಿ ತಮ್ಮ ಎರಡನೇ ತುಂಡು ಹಿಡಿದುಕೊಂಡು ಖುಷಿಯಾಗಿದ್ದ. ನನಗೆ ಅವನಿಗಿಂತ ಹೆಚ್ಚು ಖುಷಿಯಾಗಿತ್ತು. ನಾನು ಹೇಳಿದ್ದನ್ನು ಅಷ್ಟು ಹೊತ್ತು ಕೂತು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ಎರಡನೆಯದು, ಮೂರನೆಯದು ಹಾಗೇ ಮುಗಿದವು. ನಾಲ್ಕನೇ ತುಂಡಿನಲ್ಲಿ ರೈಲು ಇಳಿದವರನ್ನು ಸಾಲಾಗಿ ನಿಲ್ಲಿಸುತ್ತಾರೆ. ಆಕೆಯ ತಮ್ಮನಿಗೆ ಹತ್ತು ವರ್ಷ, ಕಾಲಲ್ಲಿ ಅಪ್ಪನ ಬೂಟು. ದೊಡ್ಡ ಬೂಟು ಜಾರಿ ಎಡವಿದರೆ ಹೊಡೆಯುತ್ತಾರೆ ಅಂತ ಅಕ್ಕ ಬಗ್ಗಿ ಅದರ ದಾರವನ್ನು ಬಿಗಿಯಾಗಿ ಕಟ್ಟುತ್ತಾಳೆ. ಅವಳು ಎದ್ದು ನಿಲ್ಲುವಷ್ಟರಲ್ಲಿ ಸೈನಿಕ ಆ ಹುಡುಗನನ್ನು ಇನ್ನೊಂದು ಸಾಲಿಗೆ ತಳ್ಳುತ್ತಾನೆ. ತಮ್ಮ ಇದನ್ನು ಹೇಳುವಾಗ ಬಗ್ಗಿ ನನ್ನ ಕಾಲ ಹತ್ತಿರ ಗಂಟು ಕಟ್ಟಿ ತೋರಿಸಿದ್ದ. ನನಗೆ ಒಂದು ಮಾತೂ ಮರೆತಿರಲಿಲ್ಲ.

ಭಾನುವಾರ ಮೇಷ್ಟ್ರ ಮುಂದೆ ಕೂತಾಗ, ಇದೊಂದು ಮುಗಿದರೆ ಉಳಿಯುವುದು ಒಂದೇ ತುಂಡು ಅಂತ ಅನ್ನಿಸಿತು. ಆಮೇಲೆ ಭಾನುವಾರವೇ ಇಲ್ಲ. ಆ ಹುಡುಗ ಸಾಯುತ್ತಾನೇನೋ, ಅದನ್ನು ಕೇಳುವುದು ಬೇಡ ಅಂತ ಹೆದರಿದ್ದೆ ಅಂತ ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೇನೆ. ಹೆದರಿದ್ದು ನಿಜ. ಆದರೆ ಕಾರಣ ಅದಲ್ಲ. ನನಗೆ ಭಾನುವಾರ ಬೇಕಾಗಿತ್ತು.

ಹುಡುಗ ಮೊದಲೇ ಎಲ್ಲೋ ತಪ್ಪಿಸಿಕೊಂಡ ಅಂತ ಹೇಳಿದೆ. ಮೇಷ್ಟ್ರ ಕಣ್ಣು ತೆರೆಯಿತು.

"ಬೂಟಿಂದು ಏನೋ ಬರ್ತೈತಲ್ಲವ್ವ?"

"ಅದೇನೂ ಹೇಳ್ಲಿಲ್ಲ ಅವ್ನು."

ಅವರು ನನ್ನನ್ನೇ ನೋಡಿದರು. ನಾನು ಶೇಂಗಾ ನೋಡಿದೆ. ಅವರ ಕಣ್ಣು ಮತ್ತೆ ಮುಚ್ಚಿತು. ಹೊರಗೆ ಹೋಗಿ ತಮ್ಮನಿಗೆ, "ಬೂಟಿಂದು ಬಂದಿಲ್ಲ, ಇನ್ನೊಂದ್ಸಲ ಓದ್ಕಂಡು ಬಾರಪ್ಪ," ಅಂದರು.

"ಬೂಟಿಂದು ಹೇಳಿದ್ನಲ್ಲಕ್ಕ?" ಅಂದ ಅವನು ಬಸ್ಸಿನಲ್ಲಿ.

"ಹೇಳ್ದೆ. ನಂಗೆ ತಿಳೀಲಿಲ್ಲ ಕಣೋ."

ಮುಂದಿನ ವಾರವೂ ಹಾಗೇ ಮಾಡಿದೆ, ಅದರ ಮುಂದಿನ ವಾರವೂ. ತಮ್ಮ ಪ್ರತಿ ಸಲ ಹೆಚ್ಚು ನಿಧಾನವಾಗಿ, ಹೆಚ್ಚು ಬಿಡಿಸಿ ಹೇಳುತ್ತಿದ್ದ. ಮೂರನೇ ಸಲ ಹೇಳುವಾಗ ಮೊದಲಿನ ಹಾಗೆ ಎದ್ದು ಬಗ್ಗಲಿಲ್ಲ. ಗೋಡೆಗೆ ಒರಗಿ, ನೆಲ ನೋಡಿಕೊಂಡು ಹೇಳಿದ. ಅಷ್ಟರಲ್ಲಿ ಐದನೇ ತುಂಡು ಸರದಿಯ ಪ್ರಕಾರ ಹಿರಿಯೂರಿಗೆ ಹೋಯಿತು. ಖಾತ್ರಿಗೆ ಕಾಯದೆ ಮೇಷ್ಟ್ರು ಅದನ್ನು ನಮಗೆ ಕಳಿಸಿದ್ದು ಪರೀಕ್ಷೆಗೆ ಎರಡು ದಿನ ಇದ್ದಾಗ. ದೊಡ್ಡ ಪ್ರಶ್ನೆ ಆ ಕೊನೆಯ ಭಾಗದ ಮೇಲೆಯೇ ಬಂದಿತ್ತು. ತಮ್ಮ ಇಂಗ್ಲಿಷಿನಲ್ಲಿ ಬಿದ್ದ.

"ನಂದು ದಡ್ಡ ತಲೆ," ಅಂದುಬಿಟ್ಟ. ನಾನು ರೊಟ್ಟಿ ತಟ್ಟುತ್ತಿದ್ದೆ. ತಟ್ಟುತ್ತಲೇ ಇದ್ದೆ.

ಮೇಷ್ಟ್ರು ಅವನನ್ನು ಬಿಡಲಿಲ್ಲ. ಮತ್ತೆ ಪರೀಕ್ಷೆಗೆ ಕಟ್ಟಿಸಿ, ಐದನೇ ತುಂಡನ್ನು ಮೊದಲು ಅವನ ಕೈಗೇ ಕೊಟ್ಟರು. ಪುಸ್ತಕದಲ್ಲಿ ಆಕೆಯ ತಮ್ಮ ಹಿಂತಿರುಗಿ ಬರಲೇ ಇಲ್ಲ. ಎಷ್ಟೋ ವರ್ಷಗಳಾದ ಮೇಲೂ ಆಕೆಯನ್ನು ಕಾಡುತ್ತಿದ್ದದ್ದು ಆ ಗಂಟು. ತಾನು ಅಷ್ಟು ಬಿಗಿಯಾಗಿ ಕಟ್ಟಿದೆನಲ್ಲ, ಆ ರಾತ್ರಿ ಮಲಗುವಾಗ ಕೂಸಿಗೆ ಅದನ್ನು ಬಿಚ್ಚಲು ಬಂತೋ ಇಲ್ಲವೋ ಅಂತ. ಆ ಭಾನುವಾರ ನಾನು ಒಂದಕ್ಷರ ತಪ್ಪದೆ ಹೇಳಿದೆ. ಮೇಷ್ಟ್ರ ಕಣ್ಣು ತೆರೆಯಲಿಲ್ಲ, ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಬಂತು. "ಆಮ್ಯಾಲೆ" ಅಂತ ಅವರು ಅನ್ನದೇ ಇದ್ದದ್ದು ಅವತ್ತೊಂದೇ ದಿನ.

ತಮ್ಮ ಪಾಸಾದ. ಮೇಷ್ಟ್ರು ಸಕ್ಕರೆ ಕೊಟ್ಟು, "ಇನ್ನು ಟ್ರೈನಿಂಗಿಗೆ ಅರ್ಜಿ ಹಾಕಪ್ಪ," ಅಂದರು.

"ಬ್ಯಾಡ ಸಾರ್."

"ಯಾಕಪ್ಪ? ಮೇಷ್ಟ್ರಾಗ್ತೀನಿ ಅಂತಿದ್ದೆ?"

"ಸ್ವಂತ ಅಕ್ಕಂಗೇ ತಿಳಿಯಂಗೆ ಹೇಳಾಕಾಗ್ಲಿಲ್ಲ. ಇನ್ನ ಒಂದು ಕ್ಲಾಸು ಹುಡುಗ್ರಿಗೆ ಏನು ಹೇಳ್ಲಿ?"

ನಾನು ಅಲ್ಲೇ ಬಾಗಿಲ ಹತ್ತಿರ ಕೂತಿದ್ದೆ. ಮೇಷ್ಟ್ರು ಕಣ್ಣು ತೆರೆದು ನನ್ನ ಕಡೆ ನೋಡಿದರು. ಕಾದರು. ಒಂದು ಮಾತು ಸಾಕಿತ್ತು. ನಾನು ಬಾಯಿ ಬಿಡಲಿಲ್ಲ. ತಮ್ಮ ಹೊಸದುರ್ಗದ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾಗಿ ಸೇರಿಕೊಂಡ.

ಇದಾದ ಮೇಲೆ ನಾನು ಒಬ್ಬಳೇ ಹೋಗಿ ಮೇಷ್ಟ್ರ ಮುಂದೆ ಅತ್ತೆ. "ಮೊದಲ್ನೇ ವಾರನೇ ಗೊತ್ತಾತವ್ವ," ಅಂದರು ಅವರು. "ನಿನ್ ತಮ್ಮ ಬೂಟಿಂದು ಬಿಟ್ಟು ಹೇಳೋನಲ್ಲ. ಆದ್ರೂ ಸುಮ್ನಿದ್ದೆ. ಈ ಮನ್ಯಾಗೆ ಯಾರದೋ ಒಂದು ದನಿ ಕೇಳಿ ಎಷ್ಟು ವರ್ಷಾಗಿತ್ತು. ಬರ್ಲಿ ಇನ್ನೆರಡು ವಾರ ಅಂತ ನಂಗೂ ಆಸೆ ಬಂತು. ತಪ್ಪು ನಿಂದೊಬ್ಬಳ್ದೇ ಅಲ್ಲ."

"ನೀವೇ ಅವ್ನಿಗೆ ಹೇಳ್ರಿ ಮೇಷ್ಟ್ರೇ."

"ನಾ ಹೇಳಿದ್ರೆ ನಿನ್ ಮ್ಯಾಲೆ ಚಾಡಿ ಹೇಳ್ದಂಗಾಗ್ತೈತೆ. ನೀ ಹೇಳಿದ್ರೆ ಅವ್ನಿಗೆ ಅವ್ನು ವಾಪಸ್ ಸಿಗ್ತಾನೆ." ಆಮೇಲೆ ಮೊರ ನನ್ನ ಕಡೆ ಸರಿಸಿ ಅಂದರು, "ಅಲ್ಲೀಮಟ ಭಾನುವಾರ ಬಾ. ಅದಕ್ಕೆ ಸುಳ್ಳು ಹೇಳ್ಬೇಕಾಗಿರ್ಲಿಲ್ಲ ಕಣವ್ವ. ಬರ್ತೀನಿ ಅಂದಿದ್ರೆ ಆಗ್ತಿತ್ತು."

ಬರ್ತೀನಿ ಅಂತ ಕೇಳಬಹುದು ಅನ್ನುವುದೇ ನನಗೆ ಅದುವರೆಗೆ ಹೊಳೆದಿರಲಿಲ್ಲ. ನಾನು ಹೋದೆ. ಅವರು ನನಗೆ ಓದು ಬರಹ ಮತ್ತೆ ಮೊದಲಿಂದ ಕಲಿಸಿದರು. ನಾನು ಬಾಯಲ್ಲಿ ಹೇಳಿದ್ದನ್ನು ನನ್ನ ಕೈಯಲ್ಲೇ ಬರೆಸಿ, ಅದನ್ನು ನನ್ನಿಂದಲೇ ಓದಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಏಳನೇ ಕ್ಲಾಸಿಗೆ ಕಟ್ಟಿಸಿದರು. ನಮ್ಮೂರಿಗೆ ಬಾಲವಾಡಿ ಬಂದಾಗ ಅರ್ಜಿಯನ್ನು ಅವರೇ ತಿದ್ದಿಕೊಟ್ಟರು. ಮಕ್ಕಳಿಗೆ ಕತೆ ಹೇಳುವ ಕೆಲಸ ಸಿಕ್ಕಿತು. ನನ್ನ ಅನ್ನ, ನನ್ನ ಮಾತು, ಈ ಬರೆಯುವ ಕೈ ಎಲ್ಲ ಅವರು ಕೊಟ್ಟದ್ದು. ಆದರೆ ಪ್ರತಿ ದಿನ ಬೆಳಿಗ್ಗೆ ಮಕ್ಕಳ ಮುಂದೆ ಕೂತಾಗ, ಈ ಜಾಗದಲ್ಲಿ ಕೂರಬೇಕಾಗಿದ್ದವನು ಮಂಡಿಯಲ್ಲಿ ಕೊಬ್ಬರಿ ಮೂಟೆ ತೂಗಿಸುತ್ತಿದ್ದಾನೆ ಅಂತ ಮನಸ್ಸು ಹೇಳುತ್ತಿತ್ತು. ನಾಳೆ ಹೇಳುತ್ತೇನೆ, ಹಬ್ಬಕ್ಕೆ ಬಂದಾಗ ಹೇಳುತ್ತೇನೆ ಅಂದುಕೊಂಡೇ ವರ್ಷಗಳು ಹೋದವು.

ಕೊನೆಯ ವರ್ಷ ಮೇಷ್ಟ್ರ ಬಲಗಿವಿಯೂ ಹೋಯಿತು. ಆಗಲೂ ನಾನು ಹೋದರೆ ಕೈಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿ ಕೂರುವರು. ಏನೂ ಕೇಳಿಸುತ್ತಿರಲಿಲ್ಲ. ನಾನು ಹೇಳುತ್ತಿದ್ದೆ. ನನ್ನ ದನಿ ನಿಂತದ್ದು ಹೇಗೆ ತಿಳಿಯುತ್ತಿತ್ತೋ, ನಿಂತ ಕೂಡಲೇ "ಆಮ್ಯಾಲೆ?" ಅನ್ನುವರು.

ಅವರು ಹೋದ ಸುದ್ದಿಯನ್ನು ಕಂಡಕ್ಟರ್ ತಂದ. ನಾನು ಹೋಗುವಷ್ಟರಲ್ಲಿ ತಮ್ಮ ಮಂಡಿಯಿಂದ ಬಂದು ಓಡಾಡುತ್ತಿದ್ದ. ಮಣ್ಣು ಮುಗಿಸಿಕೊಂಡು ಅವನು ನನ್ನನ್ನು ಬಸ್ಸಿಗೆ ಬಿಡಲು ಬಂದ. ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆವು.

"ನಿಂಗೊಂದು ಹೇಳ್ಬೇಕು ಕಣಪ್ಪ," ಅಂದೆ.

ಅವನು ತಲೆ ವಾಲಿಸಿ ಕಣ್ಣು ಮುಚ್ಚಿದ. ಮೇಷ್ಟ್ರ ಹತ್ತಿರ ಓದಿದವರಿಗೆಲ್ಲ ಆ ಅಭ್ಯಾಸ ಅಂಟಿಕೊಂಡಿತ್ತು. ನಾನು ಹೇಳಿದೆ. ಶೇಂಗಾ, ನಾಲ್ಕನೇ ತುಂಡು, ಅವತ್ತು ಅವನು ಹೇಳಲಿಲ್ಲ ಅಂತ ನಾನು ಅಂದದ್ದು. ಅಲ್ಲಿ ಅವನ ಕಣ್ಣು ತೆರೆಯಿತು.

"ಬೂಟಿನ ದಾರ ಕಟ್ಟಿದ್ದು," ಅಂದ. "ನಿಂಗೆ ತಿಳಿದಿತ್ತಾ?"

"ಮೊದಲ್ನೇ ಸಲನೇ ತಿಳಿದಿತ್ತು. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ."

"ರೊಪ್ಪದ್ದು?"

"ಅದೂ ತಿಳಿದಿತ್ತು. ನೀ ಹೇಳಿದ್ದು ಎಲ್ಲ ತಿಳಿದಿತ್ತು."

ಹೊಳಲ್ಕೆರೆ ಬಸ್ಸು ಬಂದು ನಿಂತಿತು. ನಾನು ಗಂಟು ಎತ್ತಿಕೊಂಡು ಎದ್ದೆ. ಅವನು ಏಳಲಿಲ್ಲ.

"ಇನ್ನೊಂದು ಬಸ್ಸೈತೆ, ಕುಂತ್ಕ," ಅಂದ. ಅವನ ಕೈ ಕಿವಿಯ ಹಿಂದೆ ಹೋಯಿತು. "ಮೊದ್ಲಿಂದ ಹೇಳು."