ಬಿಸಿ ದಾಟದ ಜಾಗ

ಹೋದ ವಾರ ಊಟಿಯಿಂದ ಸೋಲೂರಿಗೆ ಹೋಗುವ ಬಸ್ಸು ಟೀ ಫ್ಯಾಕ್ಟರಿಯ ತಿರುವಿನಲ್ಲಿ ನಿಂತಾಗ ಕಿಟಕಿಯಿಂದ ಸೀದ ಎಲೆಯ ವಾಸನೆ ಒಳಗೆ ಬಂತು. ಎಲೆ ಒಣಗಿಸುವ ಡ್ರೈಯರಿನಲ್ಲಿ ಶಾಖ ಒಂದಿಷ್ಟು ಹೆಚ್ಚಾದರೆ ಬರುವ ವಾಸನೆ ಅದು. ಪಕ್ಕದಲ್ಲಿ ಕುಳಿತವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮೀಟರ್ ಮಾಮನ ನೆನಪಾಯಿತು...

ಅವರು ನಮಗೆ ನೆಂಟರಲ್ಲ, ಬೆಟ್ಟದ ಮೇಲಿನ ನಮ್ಮ ಹಟ್ಟಿಯವರು ಅಷ್ಟೆ. ಊಟಿ ಮಾರ್ಕೆಟಿನ ಹಿಂದಿನ ಏರಿನಲ್ಲಿ ಅವರದೊಂದು ಸಣ್ಣ ಅಂಗಡಿ ಇತ್ತು. ಡ್ರೈಯರುಗಳ ಶಾಖ ಅಳೆಯುವ ಮೀಟರು ಕೆಟ್ಟರೆ ಸುತ್ತಲಿನ ಫ್ಯಾಕ್ಟರಿಗಳವರೆಲ್ಲ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಎಂಜಿನಿಯರಿಂಗ್ ಓದುವಾಗ ರಜೆಯಲ್ಲಿ ಅಲ್ಲಿ ಹೋಗಿ ಕೂರುತ್ತಿದ್ದೆ. ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಬೆಸೆದು, ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ನನಗೆ ಕಣ್ಣಾರೆ ತೋರಿಸಿದವರು ಅವರು.

ಮುಂದೆ ನನ್ನ ಕೆಲಸವೂ ಅದೇ ಆಯಿತು. ಸೂರ್ಯನಿಂದ ಬಹಳ ದೂರ ಹೋಗುವ ಬಾಹ್ಯಾಕಾಶ ನೌಕೆಗೆ ಬಿಸಿಲನ್ನು ನಂಬಿ ಉಪಯೋಗವಿಲ್ಲ. ಅದರೊಳಗೆ ವಿಕಿರಣ ಸೂಸುವ ಇಂಧನದ ಬಿಲ್ಲೆಗಳನ್ನು ಇಡುತ್ತಾರೆ. ಅವು ವರ್ಷಗಟ್ಟಲೆ ತಮ್ಮಷ್ಟಕ್ಕೆ ಬಿಸಿಯಾಗಿರುತ್ತವೆ. ಆ ಬಿಸಿಯನ್ನು ವಿದ್ಯುತ್ತಾಗಿಸುವ ಜನರೇಟರನ್ನು ವಿನ್ಯಾಸ ಮಾಡುವ ತಂಡದಲ್ಲಿ ನಾನಿದ್ದೆ. ಒಂದು ಕಡೆ ಬಿಸಿ ತಟ್ಟೆ, ಇನ್ನೊಂದು ಕಡೆ ತಣ್ಣನೆಯ ತಟ್ಟೆ, ನಡುವೆ ವಿದ್ಯುತ್ ಹುಟ್ಟಿಸುವ ಪುಟ್ಟ ಕಂಬಗಳು, ಸಾಲು ಸಾಲಾಗಿ. ನಮ್ಮ ಮಾದರಿಯಲ್ಲಿ ಇಂಧನದ ಬದಲು ಬರೀ ಹೀಟರು ಇತ್ತು. ನೌಕೆ ಹೊರಟ ಮೇಲೆ ಯಾರೂ ಹೋಗಿ ರಿಪೇರಿ ಮಾಡುವಂತಿಲ್ಲ. ಈ ಯೋಚನೆ ಊಟ ಮಾಡುವಾಗಲೂ ನನ್ನನ್ನು ಬಿಡುತ್ತಿರಲಿಲ್ಲ.

ಕೆಲಸ ಶುರುವಾದ ಮೂರನೆಯ ವರ್ಷ ಮಾದರಿಯನ್ನು ಪರೀಕ್ಷಿಸುವಾಗ ವಿದ್ಯುತ್ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು. ಹೀಟರಿಗೆ ಕೊಡುವ ಶಕ್ತಿ ಬದಲಾಗಿರಲಿಲ್ಲ, ಆದರೂ ಬಿಸಿ ತಟ್ಟೆಯ ಶಾಖ ಏರುತ್ತಿತ್ತು. ಶಾಖ ಅಳೆಯುವ ತಂತಿಗಳೇ ಕೆಟ್ಟಿವೆ, ಬದಲಾಯಿಸಿ ಮುಂದೆ ಹೋಗೋಣ ಎಂದರು ನಮ್ಮ ಮುಖ್ಯಸ್ಥರು. ಸೋಮವಾರ ದೊಡ್ಡವರೆಲ್ಲ ಸೇರುವ ಪರಿಶೀಲನಾ ಸಭೆ ಇತ್ತು. ಅವರು ಹೇಳಿದ್ದೇ ನಿಜವಾಗಲಿ ಎಂದು ಹಾರೈಸುತ್ತ ನಾನು ಶನಿವಾರ ಬೆಟ್ಟ ಹತ್ತಿ ಊಟಿಗೆ ಬಂದೆ. ಮನೆಗೆ ಹೋಗುವ ಬದಲು ಕಾಲು ಅಂಗಡಿಯತ್ತ ನಡೆಯಿತು.

"ಏನ್ ಕೂಸೇ, ಮೊಗ ಹೀಂಗೆ ಬತ್ತಿದೆ?" ಎಂದರು ಮಾಮ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಶಾಖದ ಏರಿಳಿತದ ಎರಡು ಗೆರೆಗಳನ್ನು ನೆನಪಿನಿಂದಲೇ ಎಳೆದು ತೋರಿಸಿದೆ. ಬಿಸಿ ಕಡೆಯದೊಂದು, ತಣ್ಣನೆ ಕಡೆಯದೊಂದು. ಮಾಮ ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಶಾಖ ಅಳೆಯೋಕೆ ಎರಡು ಕಡೆಗೂ ಒಂದೇ ಸುರುಳಿಯಿಂದ ಕತ್ತರಿಸಿದ ತಂತಿಯಾ?"

"ಹೌದು ಮಾಮ. ಆ ಸುರುಳಿಯೇ ಸರಿ ಇಲ್ಲ ಅಂತಾರೆ ನಮ್ಮ ಸಾರ್."

"ಸುರುಳಿ ಕೆಟ್ಟಿದ್ರೆ ಎರಡೂ ಒಂದೇ ಕಡೆಗೆ ತಪ್ಪಬೇಕಲ್ಲಾ? ಇಲ್ಲಿ ಬಿಸಿ ಕಡೆಯದು ಏರ್ತಾ ಇದೆ, ತಣ್ಣನೆ ಕಡೆಯದು ಇಳೀತಾ ಇದೆ. ತಂತಿ ಸರಿಯಾಗೇ ಇದೆ ಕೂಸೇ. ನಡುವೆ ಎಲ್ಲೋ ಬಿಸಿ ದಾಟ್ತಾ ಇಲ್ಲೆ."

 ಅದು ನನಗೂ ಹೊಳೆದಿತ್ತು. ಹೊಳೆದದ್ದನ್ನು ವಾರದಿಂದ ಒಳಗೇ ಅದುಮಿಟ್ಟುಕೊಂಡಿದ್ದೆ. "ಹೇಳಿದ್ರೆ ಮೂರು ವರ್ಷದ ಕೆಲಸ ಬಿಚ್ಚಬೇಕು ಮಾಮ. ಬಿಚ್ಚಿದ ಮೇಲೆ ಒಳಗೆ ಏನೂ ಇಲ್ಲ ಅಂದ್ರೆ? ನನ್ನ ಗತಿ?"

 ಮಾಮ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, ಹಿಂದೆ ಒಂದು ಫ್ಯಾಕ್ಟರಿಯಲ್ಲಿ ನಡೆದದ್ದನ್ನು ಹೇಳಿದರು. ಅಲ್ಲಿಯ ಡ್ರೈಯರಿನ ಮೀಟರು ಇರುವುದಕ್ಕಿಂತ ಕಡಿಮೆ ಶಾಖ ತೋರಿಸುತ್ತಿತ್ತು. ಅದು ಇವರಿಗೆ ಗೊತ್ತಾಗಿತ್ತು. ಎಲೆ ರಾಶಿ ಬಿದ್ದಿದೆ, ಈಗ ನಿಲ್ಲಿಸಲು ಆಗುವುದಿಲ್ಲ, ಮುಂದಿನ ವಾರ ನೋಡೋಣ ಎಂದನಂತೆ ಮ್ಯಾನೇಜರು. ಇವರು ಆಗಲಿ ಎಂದು ತಲೆಯಾಡಿಸಿ ಬಂದುಬಿಟ್ಟರು. ಎರಡೇ ದಿನಕ್ಕೆ ಡ್ರೈಯರಿಗೆ ಬೆಂಕಿ ಹತ್ತಿತು. ಅದರಿಂದ ಒಣಗಿದ ಎಲೆ ಎಳೆದು ತೆಗೆಯುತ್ತಿದ್ದ ಹೆಂಗಸಿನ ಎರಡೂ ಕೈ ಸುಟ್ಟವು.

"ನಮ್ಮ ಹಟ್ಟಿಯವಳೇ. ದಿನಾ ಎದುರಿಗೆ ಸಿಕ್ತಾಳೆ, ಅಣ್ಣಾ ಅಂತ ನಗ್ತಾಳೆ. ನನಗೆ ಮೊದಲೇ ಗೊತ್ತಿತ್ತು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲೆ..."  ನಾನು ಎದ್ದಾಗ ಮಾಮ ಬಾಗಿಲವರೆಗೂ ಬಂದರು. "ಸೋಮವಾರ ಹೇಳಿಬಿಡು ಕೂಸೇ. ಏನಾಯ್ತು ಅಂತ ನನಗೊಂದು ಫೋನ್ ಮಾಡು."

ಸೋಮವಾರ ಹೇಳಿದೆ. ಎರಡೂ ಗೆರೆಗಳಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿ, ನಡುವೆ ಎಲ್ಲೋ ಬಿಸಿ ದಾಟುತ್ತಿಲ್ಲ ಎಂದು ತೋರಿಸಿದೆ. ಮುಖ್ಯಸ್ಥರು ನನ್ನ ಮುಖ ನೋಡಲಿಲ್ಲ. ಮಾದರಿಯನ್ನು ಬಿಚ್ಚಲು ಎಂಟು ದಿನ ಬೇಕಾಯಿತು. ಆ ಎಂಟು ದಿನವೂ ಯಾರೂ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಒಂಬತ್ತನೆಯ ದಿನ ಸೂಕ್ಷ್ಮದರ್ಶಕದಲ್ಲಿ ಕಂಡಿತು: ಕಂಬಗಳು ಬಿಸಿ ತಟ್ಟೆಗೆ ಅಂಟಿಕೊಂಡ ಕಡೆ ಕೂದಲೆಳೆಯಂಥ ಬಿರುಕುಗಳು, ಒಂದಲ್ಲ, ಸಾಲಿಗೆ ಸಾಲೇ. ಮೊದಲು ಗಮನಿಸಿದ್ದು ಯಾರು ಎಂದು ವರದಿ ಬರೆಯುವವರು ಕೇಳಿದರು. ನಾನೇ ಎಂದೆ. ಯೋಜನೆಯ ಗೆರೆಗಳನ್ನು ಹೊರಗಿನವರಿಗೆ ತೋರಿಸಿದೆ ಎಂದರೆ ಕೆಲಸಕ್ಕೇ ಸಂಚಕಾರ. ಊಟಿಯ ಒಬ್ಬ ಮೀಟರ್ ರಿಪೇರಿಯವರು ಹೇಳಿಕೊಟ್ಟರು ಎನ್ನಲು ನಾಚಿಕೆಯೂ ಆಗಿತ್ತು. ಆ ನಾಚಿಕೆಯೂ ನಿಜವೇ.

ಕಂಬಗಳನ್ನು ಅಂಟಿಸುವ ಬದಲು ಸ್ಪ್ರಿಂಗಿನಿಂದ ಒತ್ತಿ ಹಿಡಿಯುವಂತೆ ಹೊಸ ವಿನ್ಯಾಸ ಮಾಡಿದೆವು. ಒಂದೂವರೆ ವರ್ಷ ಹಿಡಿಯಿತು. ಫೋನ್ ಮಾಡಬೇಕು, ಎಲ್ಲ ಸರಿಹೋದ ಮೇಲೆ ಮಾಡಿದರಾಯಿತು ಎಂದುಕೊಳ್ಳುತ್ತಲೇ ಇದ್ದೆ. ಹೊಸ ಮಾದರಿ ಪರೀಕ್ಷೆ ಮುಗಿಸಿದ ವಾರವೇ ಬೆಟ್ಟ ಹತ್ತಿದೆ. ಅಂಗಡಿಯಲ್ಲಿ ಯಾರೋ ಮೊಬೈಲ್ ಕವರು ಮಾರುತ್ತಿದ್ದರು. ಮಾಮ ತೀರಿಕೊಂಡು ಮೂರು ತಿಂಗಳಾಗಿತ್ತು.

ಮಾಮನ ಮನೆಗೆ ಹೋದೆ. ಮಾಮಿ ಕಾಫಿ ಕೊಟ್ಟು ಎದುರಿಗೆ ಕೂತರು. "ಆ ಕೂಸು ಸೋಮವಾರ ಹೇಳಿತೋ ಇಲ್ಲೆಯೋ ಅಂತ ಬಹಳ ದಿನ ಕೇಳ್ತಾ ಇದ್ರು. ನಾ ಏನ್ ಹೇಳಲಿ ಅವರಿಗೆ?"

"ಹೇಳಿದೆ ಮಾಮಿ," ಎಂದೆ. 

ನಮ್ಮ ಜನರೇಟರು ಇನ್ನೂ ಹಾರಿಲ್ಲ.  ಆ ವರದಿ ಕಚೇರಿಯ ಕಪಾಟಿನಲ್ಲಿದೆ. ದೋಷವನ್ನು ಮೊದಲು ಗುರುತಿಸಿದವರು ಎಂಬ ಸಾಲಿನ ಮುಂದೆ ನನ್ನ ಹೆಸರಿದೆ. ನನಗೂ ಹೊಳೆದಿತ್ತು ನಿಜ, ಆದರೆ ಮೊದಲು ಬಾಯಿಬಿಟ್ಟು ಹೇಳಿದವರು ಮಾಮ. ತಿದ್ದಿಸಬಹುದಿತ್ತು... ಇವತ್ತಿನವರೆಗೂ ನಾನು ತಿದ್ದಿಸಿಲ್ಲ.